ಕತೆಯೊಳಗಿನ ಪ್ರಾಣಿಗಳ ಜಾತಿ ಯಾವುದು?

೧

೧೯೭೩ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಆಗ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದೆಲ್ಲ ಬೂಸಾ ಎಂದರು. ಬೂಸಾ ಅಂದರೆ ದನಕ್ಕೆ ಇಡುವ ತೌಡು, ಹೊಟ್ಟು. ಅಷ್ಟು ಸಾಕಾಯಿತು. ಕಾಲೇಜುಗಳಿಂದ ಮೆರವಣಿಗೆ ಹೊರಟವು, ದಲಿತ ಹುಡುಗರಿಗೆ ಏಟು ಬಿದ್ದವು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಚರಿತ್ರೆ ನಮ್ಮ ಓದುಗರಿಗೆ ಗೊತ್ತಿರುವಂಥದ್ದೆ. ಆ ಗಲಾಟೆಯ ಒಳಗಿಂದಲೇ ಈ ನಾಡಿನ ದಲಿತ ಚಳವಳಿ ಎದ್ದು ನಿಂತಿತು. ಇಲ್ಲಿ ನಾವು ಕೇಳಬೇಕೆಂದಿರುವುದು ಅದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ. ಸಾಹಿತ್ಯವನ್ನು ದನದ ಮೇವಿಗೆ ಹೋಲಿಸಿದ್ದಕ್ಕೆ ಇಷ್ಟೊಂದು ಜನಕ್ಕೆ ನೋವಾಯಿತು. ಆದರೆ ಅದೇ ಸಾಹಿತ್ಯ, ಅದೇ ಶಾಸ್ತ್ರ, ಅದೇ ಗಾದೆ ನೂರಾರು ವರ್ಷ ಮನುಷ್ಯರನ್ನೇ ನಾಯಿ, ಕತ್ತೆ, ಕೋಣ, ಕಾಗೆ, ನರಿ ಎಂದು ಕರೆದುಕೊಂಡು ಬಂತಲ್ಲ, ಆಗ ಯಾಕೆ ಯಾರಿಗೂ ನೋವಾಗಲಿಲ್ಲ?

ಆಗಲಿಲ್ಲ, ಯಾಕಂದರೆ ಅದನ್ನು ಬೈಗುಳ ಅಂತ ಯಾರೂ ಓದಲಿಲ್ಲ. ನೀತಿ ಅಂತ ಓದಿದರು. ಪ್ರಾಣಿಗಳ ಮೂಲಕ ಮನುಷ್ಯ ಸ್ವಭಾವದ ದರ್ಶನ ಅಂತ ವಿಮರ್ಶಕರು ಬರೆದರು. ಸಿಂಹ ಅಂದರೆ ಶೌರ್ಯ, ನರಿ ಅಂದರೆ ಕಪಟ, ಹಸು ಅಂದರೆ ಸಾಧು, ಹುಲಿ ಅಂದರೆ ಕ್ರೌರ್ಯ, ಕತ್ತೆ ಅಂದರೆ ದಡ್ಡತನ: ಮೂರನೇ ಕ್ಲಾಸಿನ ಮಗುವೂ ಇದನ್ನು ಒಪ್ಪಿಸುತ್ತದೆ. ಈ ಗುಣಗಳನ್ನು ಹಂಚಿದವರು ಯಾರು? ಕತ್ತೆ ದಡ್ಡ ಎಂದವನು ಕತ್ತೆ ಸಾಕಿದ ಅಗಸನಲ್ಲ. ಅಗಸನಿಗೆ ಅದು ಹೊಳೆಯಿಂದ ಮನೆಗೆ ಹೊರೆ ಹೊತ್ತು ದಾರಿ ತಪ್ಪದೆ ನಡೆಯುವ ಜೀವ. ಹಂದಿ ಹೇಸಿಗೆ ಎಂದವನು ಹಂದಿ ಸಾಕಿ ಮಕ್ಕಳ ಹೊಟ್ಟೆ ಹೊರೆದವನಲ್ಲ. ಕೋಣ ಮಂಕು ಎಂದವನು ಕೆಸರುಗದ್ದೆಯಲ್ಲಿ ಕೋಣದ ಹಿಂದೆ ಹೆಜ್ಜೆ ಹಾಕಿದವನಲ್ಲ. ದೂರ ನಿಂತು ನೋಡಿದವನು ಹೆಸರಿಟ್ಟ. ಜತೆಯಲ್ಲಿ ದುಡಿದವನು ಆ ಹೆಸರನ್ನು ಹೊತ್ತ.

ಕತೆಯ ಪ್ರಾಣಿ ಪ್ರಾಣಿಯಲ್ಲ, ಬಾಲ ಕಟ್ಟಿದ ಮನುಷ್ಯ. ಬಾಲವನ್ನು ಯಾರು ಕಟ್ಟಿದರು, ಯಾರಿಗೆ ಕಟ್ಟಿದರು, ಕಟ್ಟಿ ಏನು ದಕ್ಕಿಸಿಕೊಂಡರು ಎಂದು ಕೇಳದೆ ಬರೀ ಪ್ರತಿಮೆ, ಸಂಕೇತ ಎಂದು ಮಾತಾಡುವುದು ವಿಮರ್ಶೆ ಅಲ್ಲ, ಭಜನೆ.

೨

ಕತೆಗಿಂತ ಮೊದಲು ಕಾನೂನನ್ನು ನೋಡೋಣ. ಮನುಸ್ಮೃತಿಯ ೧೧ನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತಗಳ ಪಟ್ಟಿ ಇದೆ. ಬೆಕ್ಕು, ಮುಂಗುಸಿ, ನೀಲಕಂಠ ಪಕ್ಷಿ, ಕಪ್ಪೆ, ನಾಯಿ, ಉಡ, ಗೂಬೆ, ಕಾಗೆ ಇವುಗಳನ್ನು ಕೊಂದವನು ಶೂದ್ರನನ್ನು ಕೊಂದದ್ದಕ್ಕೆ ಏನು ವ್ರತವೋ ಅದನ್ನೇ ಮಾಡಬೇಕು ಎಂದು ಅದು ವಿಧಿಸುತ್ತದೆ. ಕಪ್ಪೆಯ ಜೀವಕ್ಕೂ ಶೂದ್ರನ ಜೀವಕ್ಕೂ ಒಂದೇ ದರ. ೧೦ನೆಯ ಅಧ್ಯಾಯದಲ್ಲಿ ಚಂಡಾಲ, ಶ್ವಪಚರ ಮಾತು ಬರುತ್ತದೆ. ಅವರು ಊರ ಹೊರಗಿರಬೇಕು. ನಾಯಿ, ಕತ್ತೆಗಳೇ ಅವರ ಆಸ್ತಿ. ಶ್ವಪಚ ಎಂಬ ಹೆಸರಿಗೇ ನಾಯಿ ಬೇಯಿಸುವವನು ಎಂಬ ಅರ್ಥ.

ಈಗ ನಮ್ಮ ಗಾದೆಗಳನ್ನು ಇದರ ಪಕ್ಕ ಇಟ್ಟು ನೋಡಿ. ಹೀಯಾಳಿಸಬೇಕಾದರೆ ಯಾವ ಪ್ರಾಣಿ ಮೊದಲು ಬಾಯಿಗೆ ಬರುತ್ತದೆ? ನಾಯಿ. ಆಮೇಲೆ? ಕತ್ತೆ. ನಾಯಿ ಬಾಲದ ಡೊಂಕು, ಕತ್ತೆಗೆ ತಿಳಿಯದ ಕಸ್ತೂರಿ. ಇದು ಆಕಸ್ಮಿಕ ಅಂತ ನಮಗೆ ಅನ್ನಿಸುವುದಿಲ್ಲ. ಯಾರಿಗೆ ಯಾವ ಪ್ರಾಣಿಯನ್ನು ಆಸ್ತಿಯಾಗಿ ಬಿಟ್ಟರೋ ಅದೇ ಪ್ರಾಣಿಯ ಹೆಸರು ಬೈಗುಳವಾಗಿ ಉಳಿದಿದೆ. ಹಸುವನ್ನು ತಮಗೆ ಇಟ್ಟುಕೊಂಡವರು ಹಸುವಿಗೆ ದೇವರ ಪಟ್ಟ ಕಟ್ಟಿದರು. ಹಸು ಸತ್ತ ಮೇಲೆ ಅದನ್ನು ಹೊರುವ ಕೆಲಸವನ್ನು ಮಾತ್ರ ನಮ್ಮ ಕೇರಿಗೆ ಬಿಟ್ಟರು.

ಮಹಾಭಾರತದಲ್ಲಿ ಎರಡು ನಾಯಿಗಳಿವೆ. ಒಂದು ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ಹೋದದ್ದು. ಅದನ್ನು ಬಿಟ್ಟು ಒಳಗೆ ಬರಲಾರೆ ಎಂದು ಅವನು ಹಟ ಹಿಡಿದ. ಒಳ್ಳೆಯ ಕತೆಯೇ. ಆದರೆ ಕೊನೆಗೆ ಅದು ನಾಯಿಯೇ ಅಲ್ಲ, ಯಮಧರ್ಮ ಎಂದಾಯಿತು. ನಾಯಿ ನಾಯಿಯಾಗಿಯೇ ಒಳಗೆ ಹೋಗುವ ಪ್ರಸಂಗ ತಪ್ಪಿತು! ಇನ್ನೊಂದು ನಾಯಿ ಪಾಂಡವರದು. ಕಾಡಿನಲ್ಲಿ ಕಪ್ಪು ಮೈಯ, ಚರ್ಮ ಉಟ್ಟ ಬೇಡರ ಹುಡುಗ ಏಕಲವ್ಯನನ್ನು ಕಂಡು ಅದು ಬೊಗಳಿತು. ಅವನು ಅದರ ಬಾಯಿ ತುಂಬ ಬಾಣ ಬಿಟ್ಟ. ಆ ಬಾಣಗಳನ್ನು ಕಂಡೇ ಅರ್ಜುನನಿಗೆ ಹೊಟ್ಟೆಯುರಿ ಹತ್ತಿತು, ಆಮೇಲೆ ಹೆಬ್ಬೆರಳು ಹೋಯಿತು. ಮೊದಲ ನಾಯಿಯ ಬಗ್ಗೆ ನಮ್ಮ ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ಎರಡನೆಯದು ಯಾರ ಮನೆಯ ಅನ್ನ ಉಂಡು ಯಾರನ್ನು ಕಂಡು ಬೊಗಳಿತು ಎಂದು ಕೇಳಿದವರು ಕಡಿಮೆ.

೧೯೨೭ರ ಮಾರ್ಚ್ ೨೦ರಂದು ಮಹಾಡಿನ ಚವದಾರ ಕೆರೆಗೆ ಅಂಬೇಡ್ಕರ್ ಜನರೊಡನೆ ನಡೆದುಹೋಗಿ ನೀರು ಮುಟ್ಟಿದಾಗ ಪ್ರಶ್ನೆ ಇದೇ ಇತ್ತು. ದನ, ನಾಯಿಗಳಿಗೆ ಮುಟ್ಟಲು ಅಡ್ಡಿಯಿಲ್ಲದ ನೀರು ಮನುಷ್ಯನಿಗೆ ಯಾಕೆ ಇಲ್ಲ? ಅದೇ ವರ್ಷ ಡಿಸೆಂಬರ್ ೨೫ರಂದು ಅದೇ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಈ ಎರಡು ಕೆಲಸ ಬೇರೆ ಬೇರೆ ಅಲ್ಲ.

೩

ಪಂಚತಂತ್ರಕ್ಕೆ ಬರೋಣ. ದುರ್ಗಸಿಂಹ ಇದನ್ನು ೧೧ನೆಯ ಶತಮಾನದಲ್ಲೇ ಕನ್ನಡಕ್ಕೆ ತಂದ. ಇವತ್ತು ನಮ್ಮ ಮಕ್ಕಳ ಕೈಯಲ್ಲಿರುವುದು ಬಹುಪಾಲು ವಿಷ್ಣುಶರ್ಮನ ಹೆಸರಿನ ಕತೆಗಳು. ರಾಜಕುಮಾರರಿಗೆ ರಾಜನೀತಿ ಕಲಿಸುವುದಕ್ಕೆ ಇದು ಹುಟ್ಟಿತು ಎಂದು ಪುಸ್ತಕವೇ ಹೇಳಿಕೊಳ್ಳುತ್ತದೆ. ಅಂದರೆ ಆಳುವವರ ಮಕ್ಕಳಿಗೆ ಬರೆದ ಪಾಠವನ್ನು ನಾವು ಆಳಿಸಿಕೊಳ್ಳುವವರ ಮಕ್ಕಳಿಗೆ ಓದಿಸುತ್ತಿದ್ದೇವೆ. ಅದರಲ್ಲಿ ಜಾಣತನವಿಲ್ಲ ಎಂದು ನಾವು ಹೇಳುವುದಿಲ್ಲ. ಬೇಕಾದಷ್ಟಿದೆ. ಆದರೆ ಅದರ ತಳದಲ್ಲಿ ಒಂದು ನಂಬಿಕೆ ಮತ್ತೆ ಮತ್ತೆ ಕೆಲಸ ಮಾಡುತ್ತದೆ: ಹುಟ್ಟುಗುಣ ಸುಟ್ಟರೂ ಹೋಗದು.

ನೀಲಿ ನರಿಯ ಕತೆ ಎಲ್ಲರಿಗೂ ಗೊತ್ತು. ನಾಯಿಗಳು ಅಟ್ಟಿಸಿಕೊಂಡು ಬಂದಾಗ ನರಿಯೊಂದು ಬಣ್ಣ ಹಾಕುವವನ ಮನೆಯ ನೀಲಿ ಬಾನಿಗೆ ಬೀಳುತ್ತದೆ. ಮೈಯೆಲ್ಲ ನೀಲಿ. ಕಾಡಿಗೆ ಬಂದು, ದೇವರೇ ನನ್ನನ್ನು ರಾಜನಾಗಿ ಕಳಿಸಿದ್ದಾನೆ ಅನ್ನುತ್ತದೆ. ಸಿಂಹ, ಹುಲಿ, ಆನೆಗಳೆಲ್ಲ ಅದಕ್ಕೆ ಊಳಿಗ ಮಾಡುತ್ತವೆ. ರಾಜನಾದ ನರಿ ತನ್ನ ಜಾತಿಯ ನರಿಗಳನ್ನೆಲ್ಲ ಓಡಿಸಿಬಿಡುತ್ತದೆ. ಒಂದು ದಿನ ದೂರದಲ್ಲಿ ನರಿಗಳು ಊಳಿಡುವುದು ಕೇಳುತ್ತದೆ. ರಾಜನಿಗೆ ಮೈ ಪುಳಕವಾಗಿ, ಕಣ್ಣಲ್ಲಿ ನೀರು ಬಂದು, ಎದ್ದು ನಿಂತು ತಾನೂ ಊಳಿಡುತ್ತದೆ. ಗುಟ್ಟು ಒಡೆಯುತ್ತದೆ. ಸಿಂಹ ಹುಲಿಗಳು ಸೇರಿ ಕೊಲ್ಲುತ್ತವೆ.

ಶಾಲೆಯಲ್ಲಿ ಇದಕ್ಕೆ ಹೇಳುವ ನೀತಿ: ವೇಷ ಬಹಳ ದಿನ ನಡೆಯದು. ನಾವು ಬೇರೆ ಪ್ರಶ್ನೆ ಹಾಕೋಣ. ನರಿ ರಾಜನಾಗಿ ಕೆಟ್ಟದಾಗಿ ಆಳಿತೇ? ಕಾಡಿಗೆ ಏನಾದರೂ ನಷ್ಟವಾಯಿತೇ? ಕತೆ ಅಂಥ ಒಂದು ತಪ್ಪನ್ನೂ ಸಿಂಹ ಹುಲಿಗಳ ಬಾಯಲ್ಲಿ ಹೇಳಿಸುವುದಿಲ್ಲ. ನಿನ್ನೆಯವರೆಗೆ ಅದರ ಆಳ್ವಿಕೆಯಲ್ಲಿ ಅವು ಸುಖವಾಗಿದ್ದವು. ಇವತ್ತು ಗೊತ್ತಾದದ್ದು ಒಂದೇ ಸಂಗತಿ, ಅದರ ಹುಟ್ಟು. ಅಷ್ಟಕ್ಕೇ ಮರಣದಂಡನೆ. ಪಟ್ಟಣದಲ್ಲಿ ಬಾಡಿಗೆ ಮನೆಗಾಗಿ ಜಾತಿ ಮುಚ್ಚಿಟ್ಟ ನಮ್ಮ ಗುಮಾಸ್ತನಿಗೆ, ಮೇಷ್ಟರಿಗೆ, ನರ್ಸಿಗೆ ಈ ಕತೆಯ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳ ಬಾಡಿಗೆ ತಪ್ಪಿರುವುದಿಲ್ಲ, ಮನೆ ಚೊಕ್ಕಟವಾಗಿಯೇ ಇರುತ್ತದೆ. ಊರಿಂದ ಬಂದ ಅಜ್ಜಿಯ ಒಂದು ಮಾತು ಸಾಕು, ಮನೆ ಖಾಲಿ ಮಾಡಿ ಅನ್ನುತ್ತಾರೆ. ಮರಾಠಿಯ ಬಾಬುರಾವ್ ಬಾಗುಲ್ ೧೯೬೩ರಲ್ಲಿ ತಂದ ಕಥಾಸಂಕಲನದ ಹೆಸರೇ 'ಜೆವ್ಹಾ ಮೀ ಜಾತ್ ಚೋರಲೀ ಹೋತೀ', ನಾನು ಜಾತಿ ಕದ್ದಿಟ್ಟಾಗ. ಆ ಹೆಸರಿನ ಕತೆಯಲ್ಲಿ ರೈಲ್ವೆ ಕೆಲಸಕ್ಕೆ ಸೇರಿದ ತರುಣನೊಬ್ಬ ಜಾತಿ ಮುಚ್ಚಿಟ್ಟು, ಗೊತ್ತಾದ ದಿನ ಹೊಡೆತ ತಿನ್ನುತ್ತಾನೆ. ಅದೇ ನೀಲಿ ನರಿಯ ಕತೆ. ಆದರೆ ಹೇಳುತ್ತಿರುವವನು ಈಗ ನರಿ. ಹಾಗಾಗಿ ನೀತಿಯೂ ತಿರುಗಿದೆ. ತಪ್ಪು ಬಚ್ಚಿಟ್ಟವನದಲ್ಲ, ಬಚ್ಚಿಡುವಂತೆ ಮಾಡಿದವರದು.

ಹಂಗಂತ ನರಿಯನ್ನು ಪೂರಾ ಬಿಟ್ಟುಬಿಡುವಂತಿಲ್ಲ. ಸಿಂಹಾಸನ ಸಿಕ್ಕಿದ ಕೂಡಲೇ ಅದು ಮೊದಲು ಮಾಡಿದ ಕೆಲಸ ತನ್ನವರನ್ನು ಕಾಡಿಂದ ಓಡಿಸಿದ್ದು. ಮೂಲ ಕತೆಯಲ್ಲೇ ಈ ಮಾತೂ ಇದೆ: ತನ್ನವರನ್ನು ದೂರ ಮಾಡಿ ಹೊರಗಿನವರನ್ನು ನೆಚ್ಚಿದವನು ಕೆಡುತ್ತಾನೆ ಎನ್ನುವುದು ಅದರ ನೀತಿ. ಮೀಸಲಾತಿಯಲ್ಲಿ ಮೇಲೆ ಹೋಗಿ ಕೇರಿಯ ದಾರಿ ಮರೆತವರು ಈ ಭಾಗವನ್ನು ಎರಡು ಸಲ ಓದಲಿ. ಆ ನರಿಯ ಬಾಳಿನಲ್ಲಿ ನಿಜವಾದ ಒಂದು ಗಳಿಗೆ ಇದ್ದರೆ ಅದು ಊಳಿಟ್ಟ ಗಳಿಗೆ. ಸಾವಿರ ಸಿಂಹಗಳು ಕೈಮುಗಿದಾಗ ಬಾರದ ಕಣ್ಣೀರು ತನ್ನವರ ದನಿ ಕೇಳಿದಾಗ ಬಂತು. ಅದು ನೀಚ ಸ್ವಭಾವವಲ್ಲ, ಕರುಳು. ಆ ನರಿಗಳನ್ನು ಹತ್ತಿರ ಇಟ್ಟುಕೊಂಡಿದ್ದರೆ ಆ ದಿನ ಅದು ಒಬ್ಬಂಟಿಯಾಗಿ ಸಾಯುತ್ತಿರಲಿಲ್ಲ.

ಇನ್ನೊಂದು ಕತೆ ಇದಕ್ಕಿಂತ ಘಾತಕ. ಓಡುವಾಗ ಒಡೆದ ಮಡಕೆಯ ಚೂರಿನ ಮೇಲೆ ಬಿದ್ದು ಹಣೆಗೆ ಗಾಯವಾದ ಕುಂಬಾರನನ್ನು ರಾಜನೊಬ್ಬ ಮಹಾವೀರ ಅಂದುಕೊಂಡು ದೊಡ್ಡ ಹುದ್ದೆ ಕೊಡುತ್ತಾನೆ. ಯುದ್ಧ ಹತ್ತಿರ ಬಂದಾಗ ಅವನ ಕುಲ ಕೇಳುತ್ತಾನೆ. ಕುಂಬಾರ ಸುಳ್ಳು ಹೇಳುವುದಿಲ್ಲ. ಹೊರಗೆ ಹಾಕಿ ಎಂದು ಅಪ್ಪಣೆಯಾಗುತ್ತದೆ. ಹಾಗೆ ಮಾಡಬೇಡಿ ಸ್ವಾಮಿ, ಯುದ್ಧದಲ್ಲಿ ನನ್ನ ಕೈಚಳಕ ನೋಡಿ ಎಂದು ಅವನು ಬೇಡುತ್ತಾನೆ. ರಾಜ ನೋಡುವುದಿಲ್ಲ. ಬದಲಿಗೆ ಒಂದು ಪ್ರಾಣಿಯ ಕತೆ ಹೇಳುತ್ತಾನೆ. ಸಿಂಹಿಣಿಯ ಹಾಲು ಕುಡಿದು ಸಿಂಹದ ಮರಿಗಳ ಜತೆ ಬೆಳೆದ ನರಿಮರಿ ಆನೆ ಕಂಡು ಓಡಿತಂತೆ. ಮಗೂ, ನೀನು ಶೂರ, ಕಲಿತವನು, ಚೆಲುವ. ಆದರೆ ನೀನು ಹುಟ್ಟಿದ ಕುಲದಲ್ಲಿ ಆನೆ ಕೊಲ್ಲುವ ಪದ್ಧತಿ ಇಲ್ಲ ಎಂದು ಸಿಂಹಿಣಿ ಅದನ್ನು ಕಳಿಸಿಬಿಟ್ಟಳಂತೆ.

ಗಮನಿಸಿ: ಕುಂಬಾರ ಕೇಳಿದ್ದು ಪರೀಕ್ಷೆ, ಸಿಕ್ಕಿದ್ದು ಕತೆ. ಪ್ರಾಣಿಯ ಸಂಕೇತ ಮಾಡುವ ಕೆಲಸ ಇದೇ. ನರಿ ಸಿಂಹವಾಗದು ಎನ್ನುವುದು ಪ್ರಾಣಿಶಾಸ್ತ್ರದಲ್ಲಿ ನಿಜ. ಆ ನಿಜವನ್ನು ಎತ್ತಿಕೊಂಡು ಹೋಗಿ, ಕುಂಬಾರ ಯೋಧನಾಗಲಾರ ಎನ್ನುವ ಸುಳ್ಳಿಗೆ ಒತ್ತು ಕೊಟ್ಟು ನಿಲ್ಲಿಸುತ್ತಾರೆ. ನರಿ ಮತ್ತು ಸಿಂಹ ಬೇರೆ ಬೇರೆ ಪ್ರಾಣಿ; ಕುಂಬಾರ ಮತ್ತು ಕ್ಷತ್ರಿಯ ಒಂದೇ ಪ್ರಾಣಿ. ಇಲಿಯನ್ನು ಹುಡುಗಿ ಮಾಡಿದ ಋಷಿಯ ಕತೆಯೂ ಈ ಸಾಲಿನದೇ. ಸೂರ್ಯ, ಮೋಡ, ಗಾಳಿ, ಬೆಟ್ಟ ಎಲ್ಲರನ್ನೂ ಬಿಟ್ಟು ಅವಳು ಕೊನೆಗೆ ಇಲಿಯನ್ನೇ ಮದುವೆಯಾಗುತ್ತಾಳೆ. ಜಾತಿ ಬಿಟ್ಟು ಮದುವೆ ಬೇಡ ಅನ್ನುವುದನ್ನು ಇದಕ್ಕಿಂತ ನಯವಾಗಿ ಹೇಳುವುದು ಕಷ್ಟ.

೪

ಗೋವಿನ ಹಾಡು ಇದರಿಂದ ಬೇರೆ ಜಾತಿಯದು. ಅದು ಅರಮನೆಯದಲ್ಲ, ಜನರ ಬಾಯಿಂದ ಬಂದದ್ದು. ಪುಣ್ಯಕೋಟಿ ಕರುವಿಗೆ ಕಡೆಯ ಸಲ ಹಾಲೂಡಿಸಿ ಹೊರಡುವ ಭಾಗ ಕೇಳಿ ಕಣ್ಣು ಒದ್ದೆಯಾಗದ ಕನ್ನಡದ ಮಗು ಇರಲಾರದು. ಆ ತಾಯಿಯ ಸಂಕಟ ನಿಜ. ಕೂಲಿಗೆ ಹೋಗುವಾಗ ಹಸುಗೂಸನ್ನು ನೆರೆಯವಳ ಕೈಗೆ ಕೊಟ್ಟು ಹೋಗುವ ನಮ್ಮ ಹೆಂಗಸರ ಸಂಕಟವದು. ತಬ್ಬಲಿಯನ್ನು ನಮ್ಮ ಮಕ್ಕಳಂತೆ ನೋಡಿಕೊಳ್ಳುತ್ತೇವೆ ಎಂದು ಕೊಟ್ಟಿಗೆಯ ಉಳಿದ ಹಸುಗಳು ಕೊಡುವ ಮಾತು ಆ ಹಾಡಿನ ದೊಡ್ಡ ಸಂಪತ್ತು. ಬಡವರು ಬಡವರಿಗೆ ಆಗುವುದು ಹೀಗೆಯೇ.

ಆದರೆ ಈ ಹಾಡನ್ನು ನೀತಿಪಾಠ ಮಾಡಿದವರು ಇದನ್ನೆಲ್ಲ ಬಿಟ್ಟು ಒಂದನ್ನೇ ಹಿಡಿದರು: ಕೊಟ್ಟ ಮಾತಿಗೆ ತಪ್ಪಬಾರದು. ಯಾರು ತಪ್ಪಬಾರದು? ತಿನ್ನಿಸಿಕೊಳ್ಳಬೇಕಾದವರು. ಜೀತದಾಳು ಯೋಚಿಸಿ ನೋಡಲಿ. ಮಗುವಿಗೆ ಜ್ವರ ಅಂತ ಧಣಿಯ ಹತ್ತಿರ ಒಂದು ರಾತ್ರಿಯ ಬಿಡುವು ಕೇಳಿ, ಬೆಳಗಾಗುವ ಮೊದಲು ಮಾತಿಗೆ ಕಟ್ಟುಬಿದ್ದು ಕೊಟ್ಟಿಗೆಗೆ ವಾಪಸು ಬಂದವನು ಅವನು. ಅಪ್ಪ ಒತ್ತಿದ ಹೆಬ್ಬೆಟ್ಟಿಗೆ ಮಗ ದುಡಿದ. ಜೀತ ಪದ್ಧತಿ ನಿಷೇಧದ ಕಾಯಿದೆ ಬಂದದ್ದು ೧೯೭೬ರಲ್ಲಿ. ಅಲ್ಲಿಯವರೆಗೆ, ಎಷ್ಟೋ ಕಡೆ ಅದರ ಮೇಲೂ, ಧಣಿಯನ್ನು ಕಾಪಾಡಿದ್ದು ಬರೀ ಲಾಠಿ ಅಲ್ಲ. ಸಾಲ ತೀರಿಸದೆ ಓಡಿಹೋದರೆ ಪಾಪ ಎನ್ನುವ ಆಳಿನ ಸತ್ಯವೇ ಅವನನ್ನು ಕಾಪಾಡಿತು. ಸತ್ಯದ ಭಾರವನ್ನು ಹಸುವಿನ ತಲೆಗೆ ಕಟ್ಟಿದ ಸಮಾಜ ಹುಲಿಯನ್ನು ಯಾವ ಮಾತಿಗೂ ಕಟ್ಟಲಿಲ್ಲ.

ಇನ್ನು ಹುಲಿ. ಹಾಡಿನ ಅರ್ಭುತ ಹಸಿದಿತ್ತು. ಹಸಿವು ಪಾಪವಲ್ಲ. ಅದಕ್ಕೆ ಹುಲ್ಲು ಜೀರ್ಣವಾಗುವುದಿಲ್ಲ. ಹಸುವಿನ ಸತ್ಯ ಕಂಡು ಅದರ ಮನಸ್ಸು ಕರಗಿತು, ಪ್ರಾಣವನ್ನೇ ಬಿಟ್ಟಿತು. ಹಾಡಿನಲ್ಲಿ ಸರಿ. ಆದರೆ ಈ ಹೃದಯ ಪರಿವರ್ತನೆಯ ನಂಬಿಕೆಯನ್ನು ಸಮಾಜಕ್ಕೆ ಹಚ್ಚಿದಾಗ ಏನಾಗಿದೆ? ೧೯೬೮ರ ಡಿಸೆಂಬರಿನಲ್ಲಿ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಗೆ ಕೇಳಿದ ದಲಿತರ ಪೈಕಿ ೪೪ ಜನರನ್ನು ಗುಡಿಸಲಿನಲ್ಲಿ ಸುಟ್ಟರು. ೨೦೦೦ದ ಮಾರ್ಚಿನಲ್ಲಿ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನರನ್ನು ಮನೆಯೊಳಗೆ ಸುಟ್ಟರು. ೨೦೦೬ರಲ್ಲಿ ಕೆಳ ನ್ಯಾಯಾಲಯದಿಂದ ಆರೋಪಿಗಳೆಲ್ಲ ಬಿಡುಗಡೆಯಾದರು. ಸುಟ್ಟವರು ಯಾರೂ ಹಸಿದಿರಲಿಲ್ಲ. ಯಾರ ಮನಸ್ಸೂ ಕರಗಿ ಬೆಟ್ಟದಿಂದ ಹಾರಲಿಲ್ಲ. ಇಂಥವರನ್ನು ಹುಲಿ ಎಂದರೆ ಹುಲಿಗೆ ಅವಮಾನ.

ನಮಗೆ ಅನ್ನಿಸುವುದು ಇಷ್ಟು. ಕರುವನ್ನು ನೋಡಿಕೊಳ್ಳುತ್ತೇವೆ ಎಂದ ಅಷ್ಟೊಂದು ಹಸುಗಳಿಗೆ ಕೊಂಬುಗಳೂ ಇದ್ದವು. ಎಲ್ಲರೂ ಒಟ್ಟಿಗೆ ಹೋಗೋಣ ಎಂದು ಒಂದು ಹಸುವೂ ಅನ್ನಲಿಲ್ಲ. ಒಟ್ಟಾಗುವುದು ನಮ್ಮ ಕತೆಗಳಿಗೆ ಗೊತ್ತಿಲ್ಲದ್ದೇನಲ್ಲ. ಅದೇ ಪಂಚತಂತ್ರದಲ್ಲಿ ಪಾರಿವಾಳಗಳು ಬಲೆಯನ್ನೇ ಎತ್ತಿಕೊಂಡು ಹಾರುತ್ತವೆ, ಇಲಿ ಬಂದು ಬಲೆ ಕಡಿಯುತ್ತದೆ. ಆ ಕತೆಯನ್ನು ಸ್ನೇಹದ ಕತೆ ಎಂದು ಕಲಿಸುತ್ತಾರೆ. ಅದು ಸಂಘಟನೆಯ ಕತೆ.

೫

ಹಸುವಿನ ಮಾತಾಯಿತು; ಕೋಣದ ಮಾತು ಯಾರೂ ಎತ್ತುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮಾರಿಹಬ್ಬದ ಹಿಂದೆ ಒಂದು ಕತೆ ಉಂಟು. ಊರಿಗೊಂದು ಪಾಠ, ತಿರುಳು ಒಂದೇ. ಕೇರಿಯ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ವೇದ ಕಲಿತು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ. ಮಕ್ಕಳಾದವು. ಒಂದು ದಿನ ಅವನ ತಾಯಿ ಬಂದಳು. ಊಟದಲ್ಲಿ ಬಡಿಸಿದ ಸಿಹಿಯ ರುಚಿಯನ್ನು ಕೋಣದ ನಾಲಿಗೆಯ ರುಚಿಗೆ ಹೋಲಿಸಿಬಿಟ್ಟಳು. ಗುಟ್ಟು ಗೊತ್ತಾಗಿ ಹುಡುಗಿ ಸಿಟ್ಟಿನಿಂದ ಉರಿದು ಮಾರಿಯಾದಳು, ಗಂಡ ಕೋಣನಾದ. ವರ್ಷವರ್ಷ ಆ ಕೋಣವನ್ನು ಅವಳ ಮುಂದೆ ಕಡಿಯಬೇಕು. ಮದ್ರಾಸಿನ ಬಿಷಪ್ ಆಗಿದ್ದ ವೈಟ್‌ಹೆಡ್ ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ೧೯೧೬ರಲ್ಲಿ ತಂದ ಪುಸ್ತಕದಲ್ಲಿ ಈ ಕತೆಯನ್ನೂ ಬಲಿಯ ವಿಧಾನವನ್ನೂ ದಾಖಲಿಸಿದ್ದಾನೆ. ಕಡಿದ ಕೋಣದ ಮುಂಗಾಲನ್ನು ಅದರ ಬಾಯಿಗೇ ತುರುಕಿ, ಮುಖಕ್ಕೆ ಕೊಬ್ಬು ಬಳಿದು, ತಲೆಯ ಮೇಲೆ ದೀಪ ಹಚ್ಚಿಡುತ್ತಾರೆ. ಕೊಂದರೆ ಸಾಲದು, ಅವಮಾನ ಮಾಡಿ ಕೊಲ್ಲಬೇಕು. ಬಹಳ ಕಡೆ ಆ ತಲೆಯನ್ನು ಹೊತ್ತು ಊರ ಎಲ್ಲೆ ಸುತ್ತುವವನು, ಮುಂದೆ ತಮಟೆ ಬಡಿಯುವವನು ಅದೇ ಕೇರಿಯವನು. ತನ್ನ ಅಜ್ಜನ ತಲೆಯನ್ನು ತಾನೇ ಹೊತ್ತು ಮೆರೆಸುತ್ತಾನೆ. ಮೇಲಾಗಿ ಅದನ್ನು ತನ್ನ ಹಕ್ಕು ಅಂದುಕೊಂಡಿದ್ದಾನೆ.

ನೀಲಿ ನರಿ, ಮಾರಿಕೋಣ ಎರಡನ್ನೂ ಪಕ್ಕಪಕ್ಕ ಇಡಿ. ಎರಡೂ ಕಡೆ ಕೆಳಗಿನವನು ಮೇಲಕ್ಕೆ ಹೋಗುತ್ತಾನೆ. ಎರಡೂ ಕಡೆ ಅವನು ಮಾಡಿದ ಕೆಲಸದಲ್ಲಿ ತಪ್ಪಿಲ್ಲ. ಒಬ್ಬ ಆಳಿದ, ಇನ್ನೊಬ್ಬ ವೇದ ಕಲಿತು ಸಂಸಾರ ಮಾಡಿದ. ಎರಡೂ ಕಡೆ ಬಾಯಿ ಅವನನ್ನು ಹಿಡಿದುಕೊಡುತ್ತದೆ. ಅಲ್ಲಿ ಊಳು, ಇಲ್ಲಿ ನಾಲಿಗೆಯ ರುಚಿ. ಎರಡೂ ಕಡೆ ಸಾವು. ಒಂದು ಸಂಸ್ಕೃತದ ಕತೆ, ಒಂದು ಹಳ್ಳಿಯ ಕತೆ. ಜಾನಪದ ಎಂದ ಮಾತ್ರಕ್ಕೆ ಅದೆಲ್ಲ ನಮ್ಮದು ಎಂದು ಅಪ್ಪಿಕೊಳ್ಳುವ ಗೆಳೆಯರು ಇದನ್ನು ಯೋಚಿಸಬೇಕು. ಜನರ ಬಾಯಲ್ಲೂ ಧಣಿಯ ಕತೆ ಇರುತ್ತದೆ. ಕರ್ನಾಟಕದಲ್ಲಿ ಪ್ರಾಣಿಬಲಿ ನಿಷೇಧದ ಕಾಯಿದೆ ೧೯೫೯ರಲ್ಲೇ ಬಂತು. ಕೋಣಕ್ಕೆ ಬೀಳುವ ಕತ್ತಿಗೆ ಕಾಯಿದೆ ಅಡ್ಡ ಬಂದಿರಬಹುದು. ಜಾತಿ ಬಿಟ್ಟು ಮದುವೆಯಾದ ಹುಡುಗನಿಗೆ ಬೀಳುವ ಮಚ್ಚು ಇನ್ನೂ ಹಾಗೆಯೇ ಬೀಳುತ್ತಿದೆ. ಕೋಣ ಸಂಕೇತ ಆಗಿತ್ತು. ಸಂಕೇತ ಹೋದರೂ ಅದು ಸೂಚಿಸಿದ ಮನುಷ್ಯ ಉಳಿದಿದ್ದಾನೆ.

೬

ಹೊಸ ಕನ್ನಡ ಸಾಹಿತ್ಯ ಪ್ರಾಣಿಗಳನ್ನು ಹೇಗೆ ಕಂಡಿತು? ಕಾರಂತರ 'ಚೋಮನ ದುಡಿ'ಯಲ್ಲಿ (೧೯೩೩) ಚೋಮನ ಹತ್ತಿರ ಜೋಡಿ ಎತ್ತುಗಳಿವೆ, ಉಳುವುದಕ್ಕೆ 'ನನ್ನದು' ಎನ್ನುವ ನೆಲವಿಲ್ಲ. ಧಣಿ ಸಂಕಪ್ಪಯ್ಯನ ಮನಸ್ಸು ಕೊಂಚ ಬಗ್ಗಿದರೂ ಅವನ ತಾಯಿ ಒಪ್ಪುವುದಿಲ್ಲ. ಕೊನೆಗೆ ಚೋಮ ನೇಗಿಲು ಸುಟ್ಟು ಎತ್ತುಗಳನ್ನು ಕಾಡಿಗಟ್ಟುತ್ತಾನೆ. ಆ ಎತ್ತುಗಳು ಯಾವ ಸ್ವಭಾವದ ಸಂಕೇತವೂ ಅಲ್ಲ. ನೆಲದ ಪ್ರಶ್ನೆಯನ್ನೇ ಅವು ನಾಲ್ಕು ಕಾಲಿನ ಮೇಲೆ ತಂದು ನಿಲ್ಲಿಸುತ್ತವೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (೧೯೬೭) ಕಾದಂಬರಿಯಲ್ಲಿ ಹೊಲೆಯರ ಗುತ್ತಿಯ ನಾಯಿಯ ಹೆಸರು ಹುಲಿಯ. ಮನು ಆಸ್ತಿಯಾಗಿ ಬಿಟ್ಟ ನಾಯಿಗೆ ಗುತ್ತಿ ಹುಲಿಯ ಹೆಸರಿಟ್ಟಿದ್ದಾನೆ! ಗುತ್ತಿ ತಿಮ್ಮಿಯ ಜತೆ ತುಂಬಿದ ತುಂಗೆ ದಾಟುವಾಗ ಆ ಹುಲಿಯ ನೀರುಪಾಲಾಗುವುದನ್ನು ಓದಿ ನಾವು ಅತ್ತದ್ದು ಒಂದು ಸಂಕೇತಕ್ಕಲ್ಲ, ಒಬ್ಬ ಜತೆಗಾರನಿಗೆ.

ನವ್ಯರಲ್ಲಿ ಇದು ಬದಲಾಯಿತು. ಪ್ರಾಣಿ ಮನಸ್ಸಿನ ಒಳಗೆ ಹೋಗಿ ಕೂತಿತು. ಕಾಮ, ಭಯ, ಕೊಳೆತಗಳ ಗುರುತಾಯಿತು. ಅನಂತಮೂರ್ತಿಯವರ 'ಸಂಸ್ಕಾರ' (೧೯೬೫) ದೊಡ್ಡ ಕೃತಿ, ಅದರಲ್ಲಿ ನಮಗೆ ಅನುಮಾನವಿಲ್ಲ. ಅಲ್ಲಿ ಪ್ಲೇಗಿನ ಇಲಿಗಳು ಸಾಯುತ್ತವೆ, ರಣಹದ್ದುಗಳು ಅಗ್ರಹಾರದ ಮಾಡಿನ ಮೇಲೆ ಕೂರುತ್ತವೆ, ಬ್ರಾಹ್ಮಣರು ಜಾಗಟೆ ಶಂಖ ಬಾರಿಸಿ ಓಡಿಸುತ್ತಾರೆ. ಈ ಹದ್ದುಗಳ ಸಾಂಕೇತಿಕತೆಯ ಬಗ್ಗೆ ಬರೆದಷ್ಟು ಪುಟಗಳನ್ನು ಅದೇ ಕಾದಂಬರಿಯ ಹೊಲಗೇರಿಯ ಬಗ್ಗೆ ನಮ್ಮ ವಿಮರ್ಶೆ ಬರೆಯಲಿಲ್ಲ. ಅದೇ ಪ್ಲೇಗು ಬೆಳ್ಳಿಯ ತಾಯಿತಂದೆಯನ್ನೂ ತಿಂದಿದೆ. ಅಲ್ಲಿ ಗುಡಿಸಲಿಗೇ ಬೆಂಕಿ ಇಟ್ಟು ಸಂಸ್ಕಾರ ಮುಗಿಸುತ್ತಾರೆ. ಅಗ್ರಹಾರದಲ್ಲಿ ಒಂದು ಹೆಣ ತತ್ವದ ಸಮಸ್ಯೆ. ಕೇರಿಯಲ್ಲಿ ಹೆಣ ಬರೀ ಹೆಣ. ಕಾದಂಬರಿ ಇದನ್ನು ತೋರಿಸಿದೆ. ವಿಮರ್ಶಕರ ಕಣ್ಣು ಹದ್ದಿನ ಮೇಲಿತ್ತು.

ದೇವನೂರ ಮಹಾದೇವರ 'ಒಡಲಾಳ'ಕ್ಕೆ ಬಂದರೆ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಿದ್ದಾಳೆ. ಅದು ಯಾವುದರ ಸಂಕೇತ ಅಂತ ಯಾರಾದರೂ ಕೇಳಿದರೆ ಸಾಕವ್ವನೇ ನಕ್ಕಾಳು. ಹುಂಜ ಅಂದರೆ ಹುಂಜ. ಅವಳ ಬದುಕಿನ ಲೆಕ್ಕದಲ್ಲಿ ಅದಕ್ಕೆ ಜಾಗವಿದೆ, ಅದು ಹೋದರೆ ಒಡಲು ಉರಿಯುತ್ತದೆ. ಅದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ನವಿಲು ಬರೆಯುತ್ತಾಳೆ. ಹಸಿದ ಮನೆಯಲ್ಲಿ ನವಿಲು! ಕೆಳಗಿನವರಿಗೆ ಹೊಟ್ಟೆಯೊಂದೇ ಇದೆ ಎಂದುಕೊಂಡವರಿಗೆ ಆ ನವಿಲು ಉತ್ತರ. ಕನ್ನಡದಲ್ಲಿ ಪ್ರಾಣಿಗೆ ಕಟ್ಟಿದ್ದ ಮನುಷ್ಯರ ಬಾಲ ಬಿಚ್ಚಿದ್ದು ಇಲ್ಲಿ. ತೇಜಸ್ವಿಯವರ 'ಕರ್ವಾಲೊ'ದಲ್ಲಿ (೧೯೮೦) ಊರಿಗೆಲ್ಲ ಪೆದ್ದನಾಗಿ ಕಂಡ ಮಂದಣ್ಣನಿಗೇ ಹಾರುವ ಓತಿಯ ಗುರುತು ಸಿಗುತ್ತದೆ. ಆ ಓತಿಯೋ ಎಲ್ಲರ ಅರ್ಥಗಳಿಂದ ತಪ್ಪಿಸಿಕೊಂಡು ಕಣಿವೆಗೆ ಹಾರಿಹೋಗುತ್ತದೆ.

ಈ ದಾರಿಯಲ್ಲಿ ಈಚೆಗೆ ನೆರೆಭಾಷೆಯ ಸಿನಿಮಾಗಳು ಇನ್ನೂ ಮುಂದೆ ಹೋಗಿವೆ. ಮರಾಠಿಯ 'ಫಂಡ್ರಿ'ಯಲ್ಲಿ (೨೦೧೩) ಶಾಲೆಯ ಜತೆಗಾರರ ಎದುರೇ ಹಂದಿ ಹಿಡಿಯಬೇಕಾದ ಹುಡುಗ ಕೊನೆಗೆ ನಮ್ಮ ಮುಖಕ್ಕೇ ಕಲ್ಲೆಸೆಯುತ್ತಾನೆ. ತಮಿಳಿನ 'ಪರಿಯೇರುಂ ಪೆರುಮಾಳ್'ನಲ್ಲಿ (೨೦೧೮) ರೈಲು ಹಳಿಗೆ ಕಟ್ಟಿ ಕೊಂದ ಕಪ್ಪು ನಾಯಿ ಕರುಪ್ಪಿ ಇದೆ. 'ಕರ್ಣನ್'ನಲ್ಲಿ (೨೦೨೧) ಮುಂಗಾಲು ಕಟ್ಟಿಬಿಟ್ಟ ಕತ್ತೆ ಇದೆ. ನಾಯಿ, ಕತ್ತೆ: ಮನುವಿನ ಪಟ್ಟಿಯ ಅವೇ ಎರಡು ಪ್ರಾಣಿಗಳು. ಈಗ ಹೆಸರು ಇಡುತ್ತಿರುವವರು ಅವುಗಳ ಜತೆ ಬೆಳೆದವರು.

೭

ಇಷ್ಟೆಲ್ಲ ಯಾಕೆ, ಕತೆ ಕತೆಯಲ್ಲವೇ ಎನ್ನುವವರಿದ್ದಾರೆ. ಕತೆ ಕತೆಯಾಗಿ ಉಳಿಯುವುದಿಲ್ಲ. ೨೦೦೨ರ ಅಕ್ಟೋಬರಿನಲ್ಲಿ ಹರಿಯಾಣದ ಝಜ್ಜರ್ ಬಳಿ ಸತ್ತ ಹಸುವಿನ ನೆಪದಲ್ಲಿ ಐವರು ದಲಿತರನ್ನು ಪೊಲೀಸ್ ಚೌಕಿಯ ಎದುರೇ ಬಡಿದು ಕೊಂದರು. ೨೦೧೬ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ಯುವಕರನ್ನು ಅಂಗಿ ಬಿಚ್ಚಿಸಿ ಕಾರಿಗೆ ಕಟ್ಟಿ ಹೊಡೆದರು. ಸತ್ತ ಹಸುವನ್ನು ಹೊರಿ ಎಂದವರೂ ಅವರೇ, ಹೊತ್ತಿರಿ ಎಂದು ಹೊಡೆದವರೂ ಅವರೇ. ಅಲ್ಲಿನ ದಲಿತರು ಸತ್ತ ದನಗಳನ್ನು ಸುರೇಂದ್ರನಗರದ ಕಲೆಕ್ಟರ್ ಕಚೇರಿಯ ಮುಂದೆ ತಂದು ಹಾಕಿದರು. ನಿಮ್ಮ ತಾಯಿ, ನೀವೇ ಮಣ್ಣು ಮಾಡಿ ಎನ್ನುವ ಅರ್ಥದಲ್ಲಿ. ಸಂಕೇತಕ್ಕೆ ಸಂಕೇತದಲ್ಲೇ ಕೊಟ್ಟ ಉತ್ತರ ಅದು. ಯಾವ ಕಾವ್ಯ ವಿಮರ್ಶೆಯೂ ಇಷ್ಟು ಚೊಕ್ಕವಾಗಿ ಹೇಳಿಲ್ಲ. ನಮ್ಮಲ್ಲೂ ೨೦೨೨ರಲ್ಲಿ ಗೋಶಾಲೆಯ ಹಸುಗಳನ್ನು ದತ್ತು ಕೊಡುವ ಸರ್ಕಾರಿ ಯೋಜನೆಗೆ ಪುಣ್ಯಕೋಟಿ ಎಂದೇ ಹೆಸರಿಟ್ಟರು. ಹಾಡಿನ ಹಸು ಆಡಳಿತದ ಕಡತಕ್ಕೆ ಬಂದದ್ದು ಹೀಗೆ. ದೇಶದ ಹಾಲಿನಲ್ಲಿ ಅರ್ಧದ ಹತ್ತಿರ ಕೊಡುವ ಎಮ್ಮೆಗೆ ಮಾತ್ರ ಒಂದು ಹಾಡೂ ಇಲ್ಲ, ಒಂದು ಯೋಜನೆಯ ಹೆಸರೂ ಇಲ್ಲ. ಬಣ್ಣ ಕಪ್ಪು ನೋಡಿ!

ಕಡೆಗೆ ಮನುಷ್ಯ ಸ್ವಭಾವದ ಮಾತು. ಕೇರಿಗೆ ಬೆಂಕಿ ಬಿದ್ದಾಗೆಲ್ಲ ಪತ್ರಿಕೆಗಳು 'ಮೃಗೀಯ ಕೃತ್ಯ' ಎಂದು ಬರೆಯುತ್ತವೆ. ಮನುಷ್ಯನೊಳಗಿನ ಮೃಗ ಎದ್ದಿತು ಅನ್ನುತ್ತವೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಯಾವ ಮೃಗವೂ ಇನ್ನೊಂದು ಮೃಗಕ್ಕೆ ನೀರು ಮುಟ್ಟಬೇಡ ಅಂದಿಲ್ಲ. ಯಾವ ಮೃಗವೂ ಸೀಮೆಎಣ್ಣೆ ತಂದು, ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ, ಆಮೇಲೆ ವಕೀಲರನ್ನು ಇಟ್ಟಿಲ್ಲ. ಅದು ಪೂರ್ತಿ ಮನುಷ್ಯನ ಕೆಲಸ. ಜಮೀನು, ಜಾತಿ, ಶಾಸ್ತ್ರ, ಕೋರ್ಟು ಎಲ್ಲ ಸೇರಿ ಮಾಡಿದ ಕೆಲಸ. ಮೃಗ ಎಂದುಬಿಟ್ಟರೆ ಮಾಡಿದವನ ಹೆಸರು, ಸರ್ವೆ ನಂಬರು, ಸಾಲದ ಪತ್ರ ಎಲ್ಲ ಮಾಯವಾಗಿ ಒಂದು ಸ್ವಭಾವ ಮಾತ್ರ ಉಳಿಯುತ್ತದೆ. ಸ್ವಭಾವವನ್ನು ಯಾರು ತಾನೆ ಜೈಲಿಗೆ ಹಾಕುತ್ತಾರೆ? ಕೆಳಗಿನವನ ವಿಷಯದಲ್ಲಿ ಹುಟ್ಟುಗುಣ ಎಂದು ಅವನ ಬೆಳವಣಿಗೆಗೆ ಅಡ್ಡ ಹಾಕುವುದು, ಮೇಲಿನವನ ವಿಷಯದಲ್ಲಿ ಒಳಗಿನ ಮೃಗ ಎಂದು ಅವನ ಅಪರಾಧಕ್ಕೆ ಮುಸುಕು ಹಾಕುವುದು, ಎರಡೂ ಒಂದೇ ಸಂಕೇತದ ಎರಡು ಉಪಯೋಗ.

ಹಳ್ಳಿಯ ಶಾಲೆಗಳ ಮೇಷ್ಟರುಗಳಿಗೆ, ಮೇಡಮ್ಮನವರಿಗೆ ನಮ್ಮದೊಂದು ಮಾತು. ಈ ಕತೆಗಳನ್ನು ಪಠ್ಯದಿಂದ ಕಿತ್ತುಹಾಕಿ ಎಂದು ನಾವು ಕೇಳುವುದಿಲ್ಲ. ಓದಿಸಿ, ಹಾಡಿಸಿ. ಆದರೆ ಕೊನೆಗೆ ನೀತಿ ಹೇಳುವ ಬದಲು ಪ್ರಶ್ನೆ ಹಾಕಿ. ನೀಲಿ ನರಿ ಕೆಟ್ಟ ರಾಜನಾಗಿತ್ತೇ? ಕುಂಬಾರನಿಗೆ ಯುದ್ಧದಲ್ಲಿ ಒಂದು ಅವಕಾಶ ಕೊಟ್ಟಿದ್ದರೆ ಏನಾಗುತ್ತಿತ್ತು? ಪುಣ್ಯಕೋಟಿಯ ಜತೆ ಉಳಿದ ಹಸುಗಳೂ ಹೊರಟಿದ್ದರೆ? ಈ ಕತೆಯನ್ನು ಕೋಣ ಹೇಳಿದರೆ ಹೇಗೆ ಹೇಳೀತು? ಮಕ್ಕಳು ಉತ್ತರ ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಈವರೆಗೆ ಬಾಯಿ ಬಿಡದ ಮಗು ಮೊದಲು ಹೇಳಬಹುದು. ಅದು ಹೇಳುವಾಗ ಯಾರೂ ನಗದಂತೆ ನೋಡಿಕೊಳ್ಳಿ.